ಅಲಮಾರಿಯೊಳಗೆ ಹನ್ನೊಂದು ಮೀಟರ್ ಆಳ

ಕಕ್ಕಡ ತಿಂಗಳು ಬಂತೆಂದರೆ ಭಾಗಮಂಡಲದಲ್ಲಿ ಬೂಷ್ಟು ಹಿಡಿಯದ ವಸ್ತು ಎಂದರೆ ದಿನಾ ಕೈಗೆ ಬರುವ ಕತ್ತಿ ಒಂದೇ. ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು, ಜಮೀನಿನ ಕಾಗದಪತ್ರ, ಟ್ರಂಕಿನ ತಳದ ರೇಷ್ಮೆ ಸೀರೆ, ಎಲ್ಲದರ ಮೇಲೂ ಬೆಳ್ಳಗೆ ಒಂದು ಬೆಳೆ ಏಳುತ್ತದೆ. ವರ್ಷಕ್ಕೆ ಇನ್ನೂರು ಇಂಚು ಮಳೆ ಬಿದ್ದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಬೀಗರು ಫೋನು ಮಾಡಿದರೂ ಮೊದಲ ಪ್ರಶ್ನೆ, "ನಿಮ್ಮಲ್ಲಿ ನಿನ್ನೆ ಎಷ್ಟು ಇಂಚು?" ಆರೋಗ್ಯದ ವಿಚಾರ ಅದಾದ ಮೇಲೆ. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಸೇರುವ ತ್ರಿವೇಣಿ ಸಂಗಮ ಉಕ್ಕಿ ರಸ್ತೆಗೆ ಬಂದರೆ, ಮೇಲ್ಸೇತುವೆ ಆಗುವ ಮೊದಲು ನಾವು ದ್ವೀಪವಾಸಿಗಳಾಗುತ್ತಿದ್ದೆವು.

ಇಂಥ ಊರಿಗೆ ನನ್ನ ಅಕ್ಕನ ಮಗ ತನ್ನ ಡೈವ್ ಕಂಪ್ಯೂಟರನ್ನು ತಂದು, "ಮಾವ, ಮಳೆಗಾಲ ಮುಗಿಯುವ ತನಕ ಒಣಗಿದ ಜಾಗದಲ್ಲಿ ಇಟ್ಟಿರಿ" ಎಂದ.

ಅವನ ತರ್ಕ ಅವನದು. ಬೆಂಗಳೂರಿನ ಪಿಜಿಯಲ್ಲಿಟ್ಟರೆ ರೂಮಿನ ಹುಡುಗರು ಅದನ್ನು ಕಟ್ಟಿಕೊಂಡು ಜಿಮ್ಮಿಗೆ ಹೋಗುತ್ತಾರಂತೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಡೈವಿಂಗ್ ಮುಂಗಾರಿಗೆ ಬಂದಾಗುತ್ತದೆ; ಕಡಲು ತಣ್ಣಗಾಗಿ ಮತ್ತೆ ಶುರುವಾಗುವುದು ಮಳೆ ಹೋದ ಮೇಲೆ. ಪುನೀತ್ ರಾಜ್‌ಕುಮಾರ್ 'ಗಂಧದ ಗುಡಿ'ಯಲ್ಲಿ ನೇತ್ರಾಣಿಯ ನೀರಿಗೆ ಇಳಿದದ್ದನ್ನು ನೋಡಿದ ಮೇಲೆ ನಮ್ಮ ಕಡೆಯ ಹುಡುಗರಿಗೂ ಆ ಹುಚ್ಚು ಹತ್ತಿದೆ. ಕಾವೇರಿ ಹುಟ್ಟುವ ಜಾಗದ ಮಕ್ಕಳು, ಆಕೆ ಕೊನೆಗೆ ಸೇರುವ ಕಡಲಿನ ಎದುರು ದಿಕ್ಕಿನ ಕಡಲಿಗೆ ಹೋಗಿ ಮುಳುಗುತ್ತಾರೆ. ಕಾಲಧರ್ಮ.

ವಸ್ತು ನೋಡಲು ದಪ್ಪ ಕೈಗಡಿಯಾರ. ಬೆಲೆ ಕೇಳಿದ ಮೇಲೆ ಮತ್ತೂ ದಪ್ಪ ಕಂಡಿತು. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಾಗ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತ, ಮಾಂಸ, ಕೊಬ್ಬಿನೊಳಗೆ ಕರಗಿ ಕೂರುತ್ತದೆ. ಗಡಿಬಿಡಿಯಲ್ಲಿ ಮೇಲೆ ಬಂದರೆ ಅದೇ ನೈಟ್ರೋಜನ್ ಗುಳ್ಳೆಯಾಗಿ ಕೀಲುಗಳಲ್ಲಿ, ಗ್ರಹಚಾರ ಕೆಟ್ಟರೆ ಬೆನ್ನುಹುರಿಯಲ್ಲಿ ಹೊರಡುತ್ತದೆ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು, ಯಾವ ವೇಗದಲ್ಲಿ ಏರಬೇಕು ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಹೇಳುವುದು ಈ ಯಂತ್ರದ ಕೆಲಸ. ಲೆಕ್ಕದ ಬುನಾದಿ ಹಾಕಿದವರು ಜಾನ್ ಸ್ಕಾಟ್ ಹಾಲ್ಡೇನ್. ಬ್ರಿಟಿಷ್ ನೌಕಾಪಡೆಗಾಗಿ ಆಡುಗಳನ್ನು ಒತ್ತಡದ ಕೋಣೆಗೆ ಕೂಡಿ ಪ್ರಯೋಗ ಮಾಡಿ 1908ರಲ್ಲಿ ಫಲಿತಾಂಶ ಪ್ರಕಟಿಸಿದರು. ನಮ್ಮ ಕಡೆ ಆಗಿದ್ದರೆ ಪ್ರಯೋಗ ಮುಗಿಯುವ ತನಕ ಆಡು ಉಳಿಯುತ್ತಿರಲಿಲ್ಲ. ಆಮೇಲೆ ಎಷ್ಟೋ ವರ್ಷ ಮುಳುಗುವವರ ಬಳಿ ಇದ್ದದ್ದು ಅಚ್ಚು ಹಾಕಿದ ಕೋಷ್ಟಕ, ಗಡಿಯಾರ, ಆಳದ ಮಾಪಕ ಇಷ್ಟೇ. ಅಮೆರಿಕದ 'ಆರ್ಕಾ ಎಡ್ಜ್' ಎಂಬ ಇಟ್ಟಿಗೆಯಂಥ ಪೆಟ್ಟಿಗೆ 1983ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಲೆಕ್ಕ ಮನುಷ್ಯನ ಕೈಯಿಂದ ಯಂತ್ರದ ಕೈಗೆ ಹೋಯಿತು.

ನಮ್ಮ ಬೆಟ್ಟಕ್ಕೆ ಸಂಬಂಧಪಟ್ಟ ಮನುಷ್ಯ ಮಾತ್ರ ಬೇರೆ. ಜ್ಯೂರಿಕ್‌ನ ವೈದ್ಯ ಆಲ್ಬರ್ಟ್ ಬ್ಯೂಲ್ಮನ್. ಸ್ವಿಟ್ಜರ್‌ಲೆಂಡಿನಲ್ಲಿ ಕಡಲಿಲ್ಲ, ಇರುವುದೆಲ್ಲ ಬೆಟ್ಟದ ಕೆರೆಗಳು. ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿ ಇರುವುದರಿಂದ ಕಡಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಬ್ಯೂಲ್ಮನ್ ಆ ಲೆಕ್ಕ ಕಟ್ಟಿ, ಸುಮಾರು 3,800 ಮೀಟರ್ ಎತ್ತರದ ಟಿಟಿಕಾಕಾ ಸರೋವರದಲ್ಲಿ 1987ರಲ್ಲಿ ಪರೀಕ್ಷೆಯನ್ನೂ ಮಾಡಿಸಿದರು. ಇಂದಿನ ಬಹಳಷ್ಟು ಡೈವ್ ಕಂಪ್ಯೂಟರುಗಳ ಹೊಟ್ಟೆಯಲ್ಲಿ ಇರುವುದು ಅವರ ಗಣಿತವೇ, ಅಥವಾ ಅದರ ಮೊಮ್ಮಕ್ಕಳು. ಭಾಗಮಂಡಲದಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಮಾವನ ಮನೆಗೆ ಬಂದದ್ದು ಆ ಯಂತ್ರಕ್ಕೆ ಗೊತ್ತಾಯಿತು. ಪರದೆಯ ಮೂಲೆಯಲ್ಲಿ ಸಣ್ಣ ಬೆಟ್ಟದ ಚಿತ್ರ ಮೂಡಿತು. ಇಷ್ಟು ಸೂಕ್ಷ್ಮವಾಗಿ ನಮ್ಮೂರನ್ನು ಗುರುತಿಸಿದ ಯಂತ್ರ ಅದಕ್ಕೆ ಮೊದಲು ನಮ್ಮ ಮನೆಗೆ ಬಂದಿರಲಿಲ್ಲ. ಮೊಬೈಲಿಗೆ ನೆಟ್‌ವರ್ಕೇ ಸಿಗುವುದಿಲ್ಲ.

ಇಟ್ಟು ಹೋಗುವಾಗ ಅಳಿಯ ಒಂದು ಕೆಲಸ ಮಾಡಿದ. "ಹೇಗೂ ಬಿಡುವುಂಟು" ಎಂದು ನಮ್ಮ ಜಗಲಿಯಲ್ಲೇ ಕೂತು ಹಿಂದಿನ ಮುಚ್ಚಳ ತಿರುಗಿಸಿ ತೆಗೆದು ಬ್ಯಾಟರಿ ಬದಲಾಯಿಸಿದ. ಹೊರಗೆ ಮಾಡಿನಿಂದ ನೀರು ಹಗ್ಗದ ಹಾಗೆ ಇಳಿಯುತ್ತಿತ್ತು. ಮುಚ್ಚಳದ ಸುತ್ತ ಇರುವ ಕಪ್ಪು ರಬ್ಬರ್ ಬಳೆಗೆ ಓ-ರಿಂಗ್ ಎನ್ನುತ್ತಾರೆ. ಇಡೀ ಯಂತ್ರದ ಆಯಸ್ಸು ನಿಂತಿರುವುದು ಅದರ ಮೇಲೆ. ಅದರಲ್ಲಿ ಒಂದು ತಲೆಕೂದಲು ಸಿಕ್ಕಿಕೊಂಡರೂ ನೀರಿಗೆ ದಾರಿ. ಅವನು ಅದನ್ನು ಒರೆಸಿ, ಸಿಲಿಕೋನ್ ಗ್ರೀಸ್ ಸವರಿ, ಶಾಸ್ತ್ರೋಕ್ತವಾಗಿ ಕೂರಿಸಿದ. ಪಕ್ಕದ ಮನೆಯ ಅಜ್ಜ ಬಂದವರು, ಊರಿನ ಹೆಮ್ಮೆ ಬಿಡಲಾರದೆ, "ಆ ಗ್ರೀಸು ಯಾಕೆ ಮಾರಾಯ, ನಮ್ಮಲ್ಲಿ ಒಳ್ಳೇ ಜೇನುಮೇಣ ಉಂಟಲ್ಲ" ಎಂದರು. ಕೈಪಿಡಿ ತೋರಿಸಿ ಅವರನ್ನು ಸಮಾಧಾನ ಮಾಡಿದೆವು. ಎಲ್ಲ ಸರಿ. ಆದರೆ ಮುಚ್ಚಳ ಹಾಕುವಾಗ ಒಳಗೆ ಉಳಿದ ಗಾಳಿ ಯಾವುದು? ಇನ್ನೂರು ಇಂಚಿನ ಊರಿನ, ಹಿಂಡಿದರೆ ನೀರು ಬರುವ ಗಾಳಿ. ಕಡಲನ್ನು ಹೊರಗಿಡಲು ಮಾಡಿದ ಓ-ರಿಂಗ್ ನಮ್ಮ ಮುಂಗಾರನ್ನು ಅಷ್ಟೇ ನಿಷ್ಠೆಯಿಂದ ಒಳಗೆ ಹಿಡಿದುಕೊಂಡಿತು.

ಫಲ ಕಾಣಿಸಿದ್ದು ಕಕ್ಕಡ ಹದಿನೆಂಟರ ರಾತ್ರಿ. ಮದ್ದುಸೊಪ್ಪಿನ ಪಾಯಸ ಉಂಡು ಎಲ್ಲರೂ ಮಲಗಿದ ಮೇಲೆ ಅಲಮಾರಿಯೊಳಗಿನಿಂದ ಕೀಂ, ಕೀಂ. ಇಲಿ ಎಂದುಕೊಂಡು ಮನೆಯವಳು ಪೊರಕೆ ತಂದಳು. ಬಾಗಿಲು ತೆಗೆದರೆ ಡೈವ್ ಕಂಪ್ಯೂಟರ್ ಎಚ್ಚರವಾಗಿ ಕೂತಿದೆ. ಆಳ 11 ಮೀಟರ್. ಉಷ್ಣತೆ 21 ಡಿಗ್ರಿ. ಮುಳುಗಿ ಮುಕ್ಕಾಲು ಗಂಟೆಯಾಗಿದೆ. ಅಂದರೆ ನನ್ನ ಕಂಬಳಿ, ಮನೆಯವಳ ಸೀರೆಗಳು, ಎಲ್‌ಐಸಿ ಬಾಂಡು ಸಮೇತ ನಮ್ಮ ಅಲಮಾರಿ ಮುಕ್ಕಾಲು ಗಂಟೆಯಿಂದ ನೀರಿನ ತಳದಲ್ಲಿದೆ.

"ಎಂಥ ಆತ್ ಇದ್ಕೆ?" ಎಂದು ಅಮ್ಮ ಎದ್ದು ಬಂದರು.

ಒಣಗಲಿ ಎಂದು ಅಡುಗೆಮನೆಗೆ ಒಯ್ದು, ಒಲೆಯ ಹತ್ತಿರ ಕೈ ಸುಡದಷ್ಟು ದೂರದಲ್ಲಿ ಹಿಡಿದೆ. ಬೆಚ್ಚಗಾದದ್ದೇ ತಡ, 11 ಇದ್ದದ್ದು ಒಮ್ಮೆಗೇ 3ಕ್ಕೆ ಇಳಿಯಿತು. ಕಂಪ್ಯೂಟರಿಗೆ ಜೀವ ಹೋಯಿತು. ಎಂಟು ಮೀಟರನ್ನು ಕಣ್ಣು ಮಿಟುಕಿಸುವುದರಲ್ಲಿ ಏರಿಬಿಟ್ಟೆನೆಂದು ಅದು ಊರು ಎದ್ದೇಳುವ ಹಾಗೆ ಕೂಗಿತು. ಕೊನೆಗೆ ಸುಮ್ಮನಾಗಿ ಪರದೆಯ ಮೇಲೆ ವಿಮಾನದ ಚಿತ್ರ ತೋರಿಸಿತು: ನಾಳೆ ಇಡೀ ದಿನ ವಿಮಾನ ಹತ್ತಬಾರದು. ಭಾಗಮಂಡಲದಲ್ಲಿ ಕಕ್ಕಡದ ಮಳೆಯಲ್ಲಿ ಬಸ್ಸು ಹತ್ತುವುದೇ ಭಾಗ್ಯ. ಬೆಳಿಗ್ಗೆ ಅಜ್ಜನಿಗೆ ಹೇಳಿದರೆ ಅವರು ಯಂತ್ರದ ಪಕ್ಷ ವಹಿಸಿದರು. "ಸಂಗಮದ ನೀರು ಏರ್ತಾ ಉಂಟು. ಅದಕ್ಕೆ ಮೊದಲೇ ಗೊತ್ತಾಗಿರಬೇಕು."

ಆ ವಿಮಾನದ ಚಿತ್ರವನ್ನು ಮಾತ್ರ ನಗಾಡಿ ಬಿಡುವಂತಿಲ್ಲ. ಮುಳುಗಿ ಎದ್ದ ಮೇಲೂ ಮೈಯಲ್ಲಿ ನೈಟ್ರೋಜನ್ ಉಳಿದಿರುತ್ತದೆ. ಆಗ ಎತ್ತರಕ್ಕೆ ಹೋಗಿ ಒತ್ತಡ ಕಮ್ಮಿಯಾದರೆ ಗುಳ್ಳೆ ಏಳಬಹುದು. ಒಂದು ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ಕಳೆಯದೆ ವಿಮಾನ ಹತ್ತಬೇಡಿ ಎಂದು ಈ ವಿಷಯ ಬಲ್ಲವರು ಹೇಳುತ್ತಾರೆ. ಸುಮಾರು 600 ಮೀಟರಿಗಿಂತ ಮೇಲಿನ ಎತ್ತರಕ್ಕೆ ಅನ್ವಯಿಸುವ ಮಾತು ಅದು. ವಿಮಾನವೇ ಆಗಬೇಕೆಂದಿಲ್ಲ. ಮುರ್ಡೇಶ್ವರದಲ್ಲಿ ಬೆಳಿಗ್ಗೆ ಮುಳುಗಿ, ಮಂಗಳೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿ ರಾತ್ರಿ ಊಟಕ್ಕೆ ಮಡಿಕೇರಿಗೆ ಬಂದವನು ಒಂದು ಕಿಲೋಮೀಟರಿಗಿಂತ ಮೇಲಕ್ಕೆ ಹಾರಿದ ಹಾಗೆಯೇ. ತಲಕಾವೇರಿಯಂತೂ 1,276 ಮೀಟರ್. ನಮ್ಮ ಅಳಿಯ ಇದನ್ನು ಪಾಲಿಸುತ್ತಾನೆ, ಅದು ಅವನ ದೊಡ್ಡ ಗುಣ. ಅವನ ಗೆಳೆಯರು ಘಾಟಿಯನ್ನು ಎತ್ತರವೆಂದು ಎಣಿಸುವುದೇ ಇಲ್ಲ.

ಇನ್ನು ರಿಪೇರಿಯ ಪುರಾಣ. ಮಡಿಕೇರಿಯ ಗಡಿಯಾರ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು. ಒಳಗಡೆ ಕನ್ನಡಿಗೆ ಮಂಜು ಕಟ್ಟಿತ್ತು, ಬ್ಯಾಟರಿಯ ಸ್ಪ್ರಿಂಗ್ ಹಸಿರಾಗಿತ್ತು. ಅದನ್ನು ಅವರು ಚೊಕ್ಕ ಮಾಡಿಕೊಟ್ಟರು. ಬೇಕಾದ ಬ್ಯಾಟರಿ ಅವರಲ್ಲಿರಲಿಲ್ಲ. ಕಾರಿನ ಕೀಲಿಗೆ, ತೂಕದ ಯಂತ್ರಕ್ಕೆ ಹಾಕುವ 2032 ಯಾವ ಅಂಗಡಿಯಲ್ಲೂ ಸಿಗುತ್ತದೆ. ಇದು ಕೇಳುವುದು 2450, ಅಂದರೆ 24.5 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪ. ಹೇಗೋ ತರಿಸಿ ಹಾಕಿದೆವು. "ಗಡಿಯಾರ ಓಡ್ತದೆ. ನೀರಿಗೆ ಇಳಿದ ಮೇಲೆ ಇದು ಹೇಳುವುದು ಸತ್ಯವೋ ಸುಳ್ಳೋ ನಾನು ಹೇಗೆ ಹೇಳುವುದು?" ಎಂದರು ಅವರು. ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ತಾಂತ್ರಿಕ ಅಭಿಪ್ರಾಯ ಅದೇ.

ಸತ್ಯ ಹೇಳುತ್ತದೆಯೋ ಎಂದು ನೋಡಲು ಒತ್ತಡದ ಕೋಣೆ ಬೇಕು. ಮನೆಯವಳು, "ಕುಕ್ಕರಿನಲ್ಲಿ ಇಡಬಾರದಾ?" ಎಂದಳು. ಲೆಕ್ಕದ ಮಟ್ಟಿಗೆ ಅವಳ ಮಾತು ಸರಿ. ಕುಕ್ಕರಿನ ಸೀಟಿ ಏಳುವುದು ಹೆಚ್ಚುಕಡಿಮೆ ಒಂದು ವಾಯುಮಂಡಲದ ಹೆಚ್ಚುವರಿ ಒತ್ತಡಕ್ಕೆ, ಅಂದರೆ ಹತ್ತು ಮೀಟರ್ ನೀರಿಗೆ. ನಮ್ಮ ಕೊಡಗಿನ ಪಂದಿ ಪ್ರತಿ ಭಾನುವಾರ ಹತ್ತು ಮೀಟರ್ ಆಳಕ್ಕೆ ಇಳಿದು ಬರುತ್ತದೆ ಎಂದು ನನಗೆ ಹೊಳೆದದ್ದು ಆಗಲೇ. ಆದರೆ ಆ ಶಾಖಕ್ಕೆ ಪಂದಿ ಬೇಯುವ ಹಾಗೆ ಕಂಪ್ಯೂಟರೂ ಬೇಯುತ್ತದೆ.

ಕಂಪನಿಯ ಏಜೆಂಟರಿಗೆ ಕಳಿಸಿದೆವು. ಉತ್ತರ ಬಂತು: ಈ ಮಾಡೆಲ್ ನಿಂತುಹೋಗಿದೆ, ಬಿಡಿಭಾಗ ಇಲ್ಲ, ಒತ್ತಡದ ಸೆನ್ಸರನ್ನು ಬಿಚ್ಚಲು ಬರುವುದಿಲ್ಲ, ಹೊಸದು ಕೊಂಡರೆ ರಿಯಾಯಿತಿ. ವಿದೇಶಕ್ಕೆ ಕಳಿಸಬಹುದಿತ್ತು, ಹೋಗಿಬರುವ ಕೊರಿಯರ್, ಕಸ್ಟಮ್ಸ್ ಎಲ್ಲ ಕೂಡಿಸಿದರೆ ಯಂತ್ರ ನಮಗಿಂತ ಹೆಚ್ಚು ಪ್ರವಾಸ ಮಾಡಿದ ಹಾಗಾಗುತ್ತಿತ್ತು.

ಕಂಪನಿಯ ಹೆಸರು ಹೇಳುವುದಿಲ್ಲ. ಹೆಸರು ಮಾಡಿದವರದ್ದೂ ಕೆಟ್ಟದ್ದುಂಟು. 1995ರಲ್ಲಿ ತಯಾರಾದ ಊವಾಟೆಕ್‌ನ 'ಅಲಾದಿನ್ ಏರ್ ಎಕ್ಸ್ ನೈಟ್ರಾಕ್ಸ್' ಕಂಪ್ಯೂಟರುಗಳನ್ನು 2003ರಲ್ಲಿ ಹಿಂದಕ್ಕೆ ಕರೆಸಿಕೊಂಡರು. ಮೇಲೆ ಬಂದು ದೋಣಿಯಲ್ಲಿ ಕೂತಿರುವಾಗಲೂ ಮುಳುಗುಗಾರ ಸಿಲಿಂಡರಿನ ನೈಟ್ರಾಕ್ಸನ್ನೇ, ಅಂದರೆ ನೈಟ್ರೋಜನ್ ಕಮ್ಮಿ ಇರುವ ಗಾಳಿಯನ್ನೇ, ಉಸಿರಾಡುತ್ತಿದ್ದಾನೆ ಎಂದು ಅದು ಲೆಕ್ಕ ಹಾಕುತ್ತಿತ್ತು. ಹಾಗಾಗಿ ಮೈಯಿಂದ ನೈಟ್ರೋಜನ್ ನಿಜಕ್ಕಿಂತ ಬೇಗ ಹೋಯಿತೆಂದು ತಿಳಿದು ಮುಂದಿನ ಮುಳುಗಿಗೆ ಹೆಚ್ಚು ಸಮಯ ಕೊಡುತ್ತಿತ್ತು. ಫಿನ್ಲೆಂಡಿನ ಸೂಂಟೊ ಕಂಪ್ಯೂಟರುಗಳ ಆಳದ ಸೆನ್ಸರ್ ಬಗ್ಗೆ ಅಮೆರಿಕದಲ್ಲಿ ಹೂಡಿದ ಮೊಕದ್ದಮೆ 2018ರಲ್ಲಿ ರಾಜಿಗೆ ಬಂತು. 2006ರಿಂದ 2018ರವರೆಗಿನ ಮಾಡೆಲುಗಳಲ್ಲಿ ಸೆನ್ಸರ್ ಕೈಕೊಟ್ಟರೆ ದುರಸ್ತಿ ಅಥವಾ ಬದಲಿ ಎಂದು ಒಪ್ಪಂದವಾಯಿತು. ನಮ್ಮದು ಈ ಎರಡೂ ಅಲ್ಲ, ಮೂರನೆಯದು.

ಅಳಿಯನಿಗೆ ಹಳೆಯದನ್ನು ಬಿಡಲು ಮನಸ್ಸಿಲ್ಲ. "ಮಾವ, ನಮ್ಮ ಅಜ್ಜನ ಕೋವಿ ಇನ್ನೂ ಕೆಲಸ ಮಾಡ್ತದಲ್ಲ?" ಎಂದು ವಾದ ಹೂಡಿದ. ಮಾಡುತ್ತದೆ. ಪ್ರತಿ ವರ್ಷ ಕೈಲ್ ಮುಹೂರ್ತದ ಹೊತ್ತಿಗೆ ಅದನ್ನು ಬಿಚ್ಚಿ, ನಳಿಗೆ ಒರೆಸಿ, ಎಣ್ಣೆ ಹಾಕಿ, ತೋಕು ಹೂವಿಟ್ಟು ಪೂಜೆ ಮಾಡುತ್ತೇವೆ. ಅದರ ಯಾವ ತಿರುಪು ಸವೆದರೂ ಮಾಡಿಕೊಡುವ ಕೈ ಜಿಲ್ಲೆಯಲ್ಲಿ ಸಿಗುತ್ತದೆ. ಮುಖ್ಯ ಸಂಗತಿ ಎಂದರೆ ಕೋವಿ ಕೆಟ್ಟರೆ ಗೊತ್ತಾಗುತ್ತದೆ. ಕುದುರೆ ಎಳೆದರೆ ಢಂ ಅನ್ನುವುದಿಲ್ಲ, ಹಂದಿ ಓಡಿಹೋಗುತ್ತದೆ, ಕಥೆ ಮುಗಿಯಿತು. ಈ ಯಂತ್ರ ಕೆಟ್ಟ ಮೇಲೂ ಅಂಕಿ ತೋರಿಸುತ್ತಲೇ ಇರುತ್ತದೆ. ಅಲಮಾರಿಯಲ್ಲಿ 11 ಎಂದದ್ದು ನಮ್ಮ ಪುಣ್ಯ, ಅದು ಎಲ್ಲರಿಗೂ ಕಾಣುವ ಸುಳ್ಳು. ನೇತ್ರಾಣಿಯ ತಳದಲ್ಲಿ 18 ಇರುವಾಗ 15 ಎಂದಿದ್ದರೆ ಯಾರಿಗೆ ಕಾಣಬೇಕು? ಹತ್ತು ವರ್ಷ ಚೆನ್ನಾಗಿ ನಡೆದದ್ದು ಹನ್ನೊಂದನೆಯ ವರ್ಷಕ್ಕೆ ಜಾಮೀನಲ್ಲ. ಅವನನ್ನು ಗದರಿಸಿ ಹೊಸದು ಕೊಡಿಸಿದೆ, ಅರ್ಧ ದುಡ್ಡು ನನ್ನದೇ ಕರಿಮೆಣಸಿನದು. ಈಗ ಅವನು ಒಂದನ್ನು ಕೈಗೆ ಕಟ್ಟಿ, ಗೆಳೆಯನಿಂದ ಕೊಂಡ ಇನ್ನೊಂದನ್ನು ಜಾಕೆಟ್ಟಿಗೆ ಸಿಕ್ಕಿಸಿ ಇಳಿಯುತ್ತಾನೆ. ಎರಡರಲ್ಲಿ ಜಗಳ ಬಂದರೆ ಕಡಿಮೆ ಸಮಯ ಕೊಟ್ಟದ್ದರ ಮಾತು ಕೇಳಿ ಮೇಲೆ ಬರುತ್ತಾನೆ. ಕಡಲಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ನೆನೆಸಿಡುತ್ತಾನೆ, ಯಾಕೆಂದರೆ ಸೆನ್ಸರಿನ ತೂತಿನಲ್ಲಿ ಉಪ್ಪು ಹರಳುಗಟ್ಟಿದರೆ ಆಳ ತಪ್ಪುತ್ತದೆ. ಬ್ಯಾಟರಿಯನ್ನು ಜನವರಿಯಲ್ಲಿ, ಒಣ ಹವೆಯಲ್ಲಿ, ನಮ್ಮ ಮನೆಯಿಂದ ಆದಷ್ಟು ದೂರದಲ್ಲಿ ಬದಲಾಯಿಸುತ್ತಾನೆ.

ಹಳೆಯದು ಈಗ ನನ್ನದು. ಬಚ್ಚಲೊಲೆಯ ಹತ್ತಿರದ ಮೊಳೆಯಲ್ಲಿ ನೇತಾಡುತ್ತಿದೆ, ಥರ್ಮಾಮೀಟರಾಗಿ. ಉಷ್ಣತೆಯ ವಿಷಯದಲ್ಲಿ ಅದು ಈ ತನಕ ಸುಳ್ಳು ಹೇಳಿಲ್ಲ. ಆಳ ಎಷ್ಟೆಂದು ನಾನು ಕೇಳುವುದಿಲ್ಲ.

ಓದುಗರಲ್ಲಿ ನೇತ್ರಾಣಿಗೆ ಹೋಗುವವರಿದ್ದರೆ ಒಂದು ಮಾತು. ಅಲ್ಲಿನ ಸೀಸನ್ ಶುರುವಾಗುವುದೂ ನಮ್ಮ ತಲಕಾವೇರಿಯ ತೀರ್ಥೋದ್ಭವವೂ ಒಂದೇ ಅಕ್ಟೋಬರಿನಲ್ಲಿ. ಎರಡನ್ನೂ ಒಂದೇ ರಜೆಯಲ್ಲಿ ಮುಗಿಸುವ ಯೋಚನೆ ಇದ್ದರೆ, ಮುಳುಗಿದ ದಿನ ಮುರ್ಡೇಶ್ವರದಲ್ಲೇ ಉಳಿದು ಮರುದಿನ ಮಧ್ಯಾಹ್ನದ ಮೇಲೆ ಘಾಟಿ ಹತ್ತಿ. ಕಾವೇರಮ್ಮ ಮುಹೂರ್ತಕ್ಕೆ ಸರಿಯಾಗಿ ಬರುತ್ತಾಳೆ, ನಿಮಗಾಗಿ ಕಾಯುವುದಿಲ್ಲ. ಆದ್ದರಿಂದ ಕಡಲಿಗೆ ಒಂದೆರಡು ದಿನ ಮೊದಲೇ ಹೋಗಿ ಬನ್ನಿ.