ಉಕ್ಕೋ, ಬೆಂಡೋ?

ಸೋದರಮಾವ ನಿವೃತ್ತ ಮೆಕ್ಯಾನಿಕಲ್ ಇಂಜಿನಿಯರು. ತಮ್ಮ ಅವರೆದುರೇ 1979ರ ಜಪಾನಿ ಧಾರಾವಾಹಿ ‘ಮೊಬೈಲ್ ಸೂಟ್ ಗುಂಡಮ್’ ಹಾಕಿದ.

“ಈ ರೋಬೋ ಎಷ್ಟೆತ್ತರವೋ?”

“18 ಮೀಟರ್, ಮಾವ. ತೂಕ 43.4 ಟನ್.”

ಮಾವ ಪೇಪರಿನ ಅಂಚಲ್ಲೇ ಲೆಕ್ಕ ಹಾಕಿದರು. “ಆರಡಿ ಆಳನ್ನ ಹತ್ತು ಪಟ್ಟು ಹಿಗ್ಗಿಸಿದರೆ ತೂಕ ಸಾವಿರ ಪಟ್ಟು. 70 ಟನ್ನಾದರೂ ಬೇಕು. ಇದು ಉಕ್ಕೋ, ಬೆಂಡೋ? ಕೆರೆಗೆ ಬಿಟ್ಟರೆ ತೇಲುತ್ತೆ!”

“ಲೂನಾ ಟೈಟಾನಿಯಂ, ಮಾವ.”

“ಚಂದ್ರನಿಂದ ತಂದದ್ದಾ? ಸಾಗಣೆ ಖರ್ಚು ಯಾರಪ್ಪ ಕೊಟ್ಟೋರು? ಹೋಗ್ಲಿ, ಯುದ್ಧಕ್ಕೆ ಹೊರಟೋನಿಗೆ ಕೆಂಪು, ನೀಲಿ, ಹಳದಿ ಯಾಕೆ? ಯಕ್ಷಗಾನಕ್ಕೆ ಹೊರಟಿದ್ದಾನಾ?”

“ಆಟಿಕೆ ಕಂಪನಿ ಪ್ರಾಯೋಜಕರು.”

(ಇಡೀ ವಿನ್ಯಾಸದಲ್ಲಿ ನಾನು ಪೂರ್ತಿ ನಂಬಿದ್ದು ಇದೊಂದನ್ನೇ.)

“ದೂರದಿಂದ ಕ್ಷಿಪಣಿ ಬಿಡೋದು ಬಿಟ್ಟು ಕತ್ತಿ ಯಾಕೋ?”

“ಮಿನೋವ್ಸ್ಕಿ ಕಣ ಹರಡಿದರೆ ರೇಡಾರ್ ಕುರುಡು. ಎದುರುಬದುರೇ ಹೊಡೆದಾಡಬೇಕು.”

“ಆ ಕಣ ಎಲ್ಲಿ ಸಿಗುತ್ತೆ?”

“ಕಥೆ ಬರೆಯೋರ ಹತ್ರ.” ತಮ್ಮ ಸೋಲಲಿಲ್ಲ. “2020ರಲ್ಲಿ ಯೊಕೊಹಾಮಾದಲ್ಲಿ ನಿಜವಾಗ್ಲೂ ಕಟ್ಟಿದ್ರು, ಮಾವ! ಅಷ್ಟೇ ಎತ್ತರ. ಕೈಕಾಲು ಆಡಿಸ್ತಿತ್ತು, ಮಂಡಿಯೂರ್ತಿತ್ತು.”

“ನಡೀತಿತ್ತಾ?”

“ಅದು... ಸೊಂಟಕ್ಕೆ ಹಿಂದಿನಿಂದ ಆಧಾರ ಕೊಟ್ಟಿದ್ರು.”

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. 2024ರ ಮಾರ್ಚಿನಲ್ಲಿ ಆ ಪ್ರದರ್ಶನ ಮುಗಿಯಿತು.