ಪಾತಾಳಗರಡಿಯೂ ಆರ್ಕಿಮಿಡೀಸನೂ

ಬಾವಿಗೆ ಬಿಂದಿಗೆ ಬಿತ್ತೆಂದರೆ ನಮ್ಮ ಬೀದಿಯವರು ಮೊದಲು ಹುಡುಕುತ್ತಿದ್ದದ್ದು ಪಾತಾಳಗರಡಿಯನ್ನು. ಕಬ್ಬಿಣದ ಬಳೆ, ಸುತ್ತ ನೇತಾಡುವ ಕೊಕ್ಕೆಗಳು. ಮೈಯೆಲ್ಲ ತುಕ್ಕು ಹಿಡಿದಿದ್ದರೂ ಗತ್ತಿಗೆ ಕಡಿಮೆಯಿಲ್ಲ. ಇಡೀ ಬೀದಿಗೆ ಅದು ಇದ್ದದ್ದು ಮೂಲೆಮನೆ ಅಜ್ಜಿಯ ಹತ್ತಿರ ಮಾತ್ರ. ತಟ್ಟೆಯನ್ನೋ ಲೋಟವನ್ನೋ ಒತ್ತೆ ಇಟ್ಟರಷ್ಟೇ ಕೊಡುತ್ತಿದ್ದರು. ಒಂದು ಪಾತ್ರೆ ಬಾವಿಯಲ್ಲಿ, ಇನ್ನೊಂದು ಅಜ್ಜಿಯ ಮನೆಯಲ್ಲಿ!

ಹಗ್ಗ ಅಮ್ಮನ ಕೈಯಲ್ಲಿ, ಉಪದೇಶ ಬಾವಿಕಟ್ಟೆ ಸುತ್ತ ನೆರೆದವರ ಬಾಯಲ್ಲಿ. ವಿಜ್ಞಾನದ ಮೇಷ್ಟ್ರಾಗಿದ್ದ ಚಿಕ್ಕಪ್ಪ ರಜೆಗೆ ಬಂದಿದ್ದರಂತೂ ಮುಗಿದೇಹೋಯಿತು. ಕೊಕ್ಕೆ ಸಿಕ್ಕಿದರೂ ಬಿಂದಿಗೆ ಜಪ್ಪಯ್ಯ ಎಂದರೂ ಅಲ್ಲಾಡದು.

“ಎಳೀಬೇಡಿ ಅತ್ತಿಗೆ, ಅಲುಗಿಸಿ. ಕೆಸರಲ್ಲಿ ಕೂತಿದೆ. ಅಡಿಗೆ ನೀರು ಹೋಗದಿದ್ರೆ ಮೇಲಕ್ಕೆ ನೂಕೋರು ಯಾರು?”

ಮಾತು ಸುಳ್ಳಲ್ಲ. ಆಳಕ್ಕೆ ಇಳಿದಷ್ಟೂ ನೀರಿನ ಒತ್ತಡ ಏರುತ್ತದೆ. 10 ಮೀಟರಿಗೆ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋ. ಮುಳುಗಿದ ವಸ್ತುವಿನ ತಳ ಅದರ ತಲೆಗಿಂತ ಆಳದಲ್ಲಿರುವುದರಿಂದ, ಕೆಳಗಿನಿಂದ ನೂಕುವ ನೀರು ಮೇಲಿನಿಂದ ಅದುಮುವ ನೀರಿಗಿಂತ ಒಂದು ಕೈ ಮೇಲು. ಆ ಹೆಚ್ಚುವರಿ ಎಷ್ಟೆಂದರೆ, ವಸ್ತು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟು. ಕೆಸರು ತಳವನ್ನು ಕಚ್ಚಿಕೊಂಡಾಗ ಆ ನೂಕಿಗೆ ದಾರಿಯೇ ಇಲ್ಲ.

ಅಲುಗಿಸಿದ ಮೇಲೆ ಬಿಂದಿಗೆ ಹೂವಿನ ಹಾಗೆ ಮೇಲೇರುತ್ತಿತ್ತು. 2 ಕಿಲೋ ತಾಮ್ರ ನೀರೊಳಗೆ ಬಿಟ್ಟುಕೊಡುವುದು 200 ಗ್ರಾಂಗಿಂತ ತುಸು ಹೆಚ್ಚು, ಅಷ್ಟೇ. ನಿಜವಾದ ಮೋಸಗಾರ ಒಳಗಿರುವ 15 ಲೀಟರ್ ನೀರು. ಬಾವಿಯಲ್ಲಿರುವಷ್ಟು ಹೊತ್ತು ಅದರ ಭಾರವನ್ನು ಬಾವಿಯೇ ಹೊರುತ್ತದೆ. ಬಿಂದಿಗೆ ಪೂರ್ತಿ ಹೊರಬಂತೋ, ಹದಿನೇಳು ಕಿಲೋ ಒಮ್ಮೆಗೇ ಕೈಗೆ! “ಬಂತು ಬಂತು” ಎಂದು ಎಲ್ಲರೂ ಕೂಗುವುದಕ್ಕೂ ಅದು ಕೊಕ್ಕೆ ಜಾರಿ ದುಡುಂ ಎನ್ನುವುದಕ್ಕೂ ಸರಿಹೋಗುತ್ತಿತ್ತು.

ಅಮ್ಮ ಭೌತಶಾಸ್ತ್ರ ಓದಿದವಳಲ್ಲ. ಆದರೆ ಬಿಂದಿಗೆಯ ಕಂಠ ನೀರಿನಿಂದ ಇಣುಕುತ್ತಲೇ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ, ಸಣ್ಣಗೆ ಜಗ್ಗಿ ಜಗ್ಗಿ ಬಿಂದಿಗೆ ವಾಲಿಸಿ ನೀರು ಚೆಲ್ಲಿಸುತ್ತಿದ್ದಳು. ಚಿಕ್ಕಪ್ಪನ ವಿವರಣೆ ಅರ್ಧಕ್ಕೆ ಬರುವಷ್ಟರಲ್ಲಿ ಬಿಂದಿಗೆ ಕಟ್ಟೆಯ ಮೇಲಿರುತ್ತಿತ್ತು.

ಒಮ್ಮೆ ಜೊತೆಗೊಂದು ಹಳೇ ಚೊಂಬೂ ಬಂತು. ಕೆತ್ತಿದ ಹೆಸರು ಸವೆದುಹೋಗಿತ್ತು. ಮೂರು ಮನೆಯವರು “ನಮ್ಮದೇ” ಎಂದರು. ಸಿರಾಕ್ಯೂಸಿನ ರಾಜನ ಕಿರೀಟದ ಕಲಬೆರಕೆಯನ್ನು ಆರ್ಕಿಮಿಡೀಸ್ ನೀರಿನಿಂದಲೇ ಬಯಲು ಮಾಡಿದ ಕಥೆಯನ್ನು ಆಗಷ್ಟೇ ಹೇಳಿದ್ದ ಚಿಕ್ಕಪ್ಪನ ಕಡೆ ಎಲ್ಲರೂ ತಿರುಗಿದರು. ಅವರು ಕಾಫಿ ಆರುತ್ತದೆಂದು ಒಳಗೆ ನಡೆದರು.