ಕರುಳಿನ ಒಕ್ಕಲುಗಳು

(ಮೈಸೂರಿನ ಒಂಟಿಕೊಪ್ಪಲಿನಲ್ಲೊಂದು ಮನೆಯ ಜಗಲಿ. ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯ ಮೂಲಕ ಒದಗಿದ ದಾನಿಯ ಹೃದಯವನ್ನು ಎದೆಯಲ್ಲಿ ಧರಿಸಿ ಎರಡನೆಯ ವರ್ಷಕ್ಕೆ ಕಾಲಿಟ್ಟಿರುವ ನಿವೃತ್ತ ಸಬ್ ರಿಜಿಸ್ಟ್ರಾರ್ ಶೇಷಗಿರಿರಾಯರು ಆರಾಮಕುರ್ಚಿಯಲ್ಲಿ ಆಸೀನರಾಗಿದ್ದಾರೆ. ಅವರ ಧರ್ಮಪತ್ನಿ ಸೀತಮ್ಮನವರು ಸೊಪ್ಪು ಬಿಡಿಸುತ್ತಿದ್ದಾರೆ. ನೆರೆಮನೆಯ ಹಳೆಯ ಹೆಡ್‌ಮಾಸ್ಟರ್ ನಂಜುಂಡಯ್ಯನವರು ಭಾರವಾದ ಕೈಚೀಲದೊಡನೆ ಪ್ರವೇಶಿಸುತ್ತಾರೆ.)

ನಂಜುಂಡಯ್ಯ: ರಾಯರೇ, ತಮ್ಮ ನೂತನ ಹೃದಯದ ಪುಷ್ಟಿಗೆಂದು, ನೆಂಟರು ಕಳುಹಿಸಿಕೊಟ್ಟ ದೇವನಹಳ್ಳಿಯ ಚಕ್ಕೋತವನ್ನೂ, ಕೋಟ್ಯಂತರ ಸಜೀವ ಸೂಕ್ಷ್ಮಾಣುಗಳಿವೆಯೆಂದು ಔಷಧದಂಗಡಿಯವನು ಆಣೆಯಿಟ್ಟು ಮಾರಿದ ಈ ಪ್ರೊಬಯಾಟಿಕ್ ಪುಡಿಯನ್ನೂ ತಂದಿರುವೆನು, ಸ್ವೀಕರಿಸಿ ನನ್ನನ್ನು ಧನ್ಯನನ್ನಾಗಿಸಬೇಕು.

ಸೀತಮ್ಮ: ಚಕ್ಕೋತ ಚೀಲದಲ್ಲಿಯೇ ಇರಲಿ, ಮೇಷ್ಟ್ರೇ. ಹೊಸ ಹೃದಯವನ್ನು ಮೈ ತಿರಸ್ಕರಿಸದಿರಲೆಂದು ಇವರು ನುಂಗುವ ಟ್ಯಾಕ್ರೊಲಿಮಸ್ ಮಾತ್ರೆಯನ್ನು ಒಡೆದು ಹದದಲ್ಲಿಡುವ ಕಿಣ್ವಕ್ಕೆ ಆ ಹಣ್ಣಿನ ರಸ ಅಡ್ಡಿಬರುತ್ತದೆ. ಔಷಧವು ರಕ್ತದಲ್ಲಿ ಮಿತಿಮೀರಿತೆಂದರೆ ಮೂತ್ರಪಿಂಡಕ್ಕೆ ಕುತ್ತು.

ನಂಜುಂಡಯ್ಯ: ಪುಡಿಗಾದರೂ ಆಕ್ಷೇಪಣೆಯಿಲ್ಲವಷ್ಟೆ? ಅದು ಹೋಗುವುದು ಕರುಳಿಗೆ. ಕರುಳಿಗೂ ಹೃದಯಕ್ಕೂ ಎತ್ತಣ ಸಂಬಂಧ?

ರಾಯರು: ಅದನ್ನು ನನ್ನನ್ನು ಕೇಳಿ! ಮನುಷ್ಯದೇಹದಲ್ಲಿ, ಬಹುಪಾಲು ದೊಡ್ಡ ಕರುಳಿನಲ್ಲಿಯೇ, ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳು ಕರಾರುಪತ್ರವಿಲ್ಲದೆ, ಮುದ್ರಾಂಕ ಶುಲ್ಕವನ್ನೂ ತೆರದೆ ಒಕ್ಕಲಾಗಿವೆಯೆಂದು ತಿಳಿದಾಗ, ಬಾಳೆಲ್ಲ ಕ್ರಯಪತ್ರಗಳ ನಡುವೆ ಸವೆಸಿದ ನನಗೆ ಶಸ್ತ್ರಚಿಕಿತ್ಸೆಗಿಂತಲೂ ಮಿಗಿಲಾದ ಆಘಾತವಾಯಿತು. ಮೈಕೊಫಿನೊಲೇಟ್ ಎಂಬ ನನ್ನ ಇನ್ನೊಂದು ಔಷಧಕ್ಕೆ ಯಕೃತ್ತು ಮೊಹರು ಹಾಕಿ ಪಿತ್ತರಸದೊಡನೆ ವಿಸರ್ಜನೆಗೆ ಕಳುಹಿಸಿದರೆ, ಈ ಒಕ್ಕಲುಗಳಲ್ಲಿ ಕೆಲವು ಆ ಮೊಹರನ್ನು ಒಡೆದು ಅದನ್ನು ಮರಳಿ ರಕ್ತಕ್ಕೆ ಸೇರಿಸುತ್ತವೆ. ಮೊಹರು ಒಡೆಯುವುದೆಂದರೇನು, ಸ್ವಾಮಿ! ಫೀಕಾಲಿಬ್ಯಾಕ್ಟೀರಿಯಂ ಎಂಬುದಂತೂ ಟ್ಯಾಕ್ರೊಲಿಮಸ್ಸನ್ನೇ ತಿದ್ದಿ ದುರ್ಬಲಗೊಳಿಸಬಲ್ಲುದೆಂದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ.

ನಂಜುಂಡಯ್ಯ: ಅಂಥ ಕಿಡಿಗೇಡಿಯನ್ನು ಒಕ್ಕಲೆಬ್ಬಿಸಬಾರದೆ?

ಸೀತಮ್ಮ: ಎಬ್ಬಿಸಿದರೆ ನಷ್ಟ ನಮಗೇ. ರಾಗಿ, ಕಾಳು, ಸೊಪ್ಪುಗಳ ನಾರನ್ನು ಹುದುಗಿಸಿ ಬ್ಯುಟಿರೇಟ್ ತಯಾರಿಸಿಕೊಡುವವರಲ್ಲಿ ಅದೇ ಫೀಕಾಲಿಬ್ಯಾಕ್ಟೀರಿಯಂ ಮುಂದಾಳು. ಆ ಬ್ಯುಟಿರೇಟ್ ಕರುಳಿನ ಗೋಡೆಯನ್ನು ಭದ್ರವಾಗಿಡುವುದಲ್ಲದೆ, ರೋಗನಿರೋಧಕ ಕಣಗಳ ಆವೇಶವನ್ನೂ ತಣಿಸುತ್ತದೆ. ಪರರ ಹೃದಯವನ್ನು ಎದೆಯಲ್ಲಿಟ್ಟುಕೊಂಡವರಿಗೆ ಅದಕ್ಕಿಂತ ಬೇಕಾದ ಉಪಕಾರ ಯಾವುದು?

ರಾಯರು: ವಿನೋದವೇನೆಂದರೆ, ಆ ಟ್ಯಾಕ್ರೊಲಿಮಸ್ಸೇ 1984ರಲ್ಲಿ ಜಪಾನಿನ ಸುಕುಬಾ ಪ್ರದೇಶದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ದೊರೆತದ್ದು! ಸಾಲದ್ದಕ್ಕೆ, ಹೃದಯವು ಸೋತಾಗ ಕರುಳಿನ ಈ ಜನವೈವಿಧ್ಯ ಕ್ಷೀಣಿಸುವುದೆಂದೂ, ಹೃದಯವನ್ನು ಬದಲಾಯಿಸಿದ ಮೇಲೂ ಅದು ಬೇಗ ಮರಳುವುದಿಲ್ಲವೆಂದೂ 2020ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯರು ವರದಿ ಮಾಡಿದ್ದಾರೆ.

ನಂಜುಂಡಯ್ಯ: ಕ್ಷೀಣಿಸಿದ್ದನ್ನು ಡಬ್ಬಿಯಿಂದ ತುಂಬೋಣವೆಂದೇ ಅಲ್ಲವೆ ನಾನು ಹೇಳುತ್ತಿರುವುದು!

ಸೀತಮ್ಮ: ರೋಗನಿರೋಧಕ ಶಕ್ತಿಯನ್ನು ಬುದ್ಧಿಪೂರ್ವಕವಾಗಿ ತಗ್ಗಿಸಿಕೊಂಡ ಮೈ ಇವರದು. ಇಂಥವರಲ್ಲಿ ಡಬ್ಬಿಯ ಸೂಕ್ಷ್ಮಾಣುಗಳೇ ರಕ್ತಕ್ಕೆ ನುಗ್ಗಿದ ಪ್ರಸಂಗಗಳುಂಟು. ಡಾಕ್ಟರ ಅಪ್ಪಣೆಯಿಲ್ಲದೆ ಅರ್ಧ ಚಮಚವೂ ಕೂಡದು. (ಗಂಡನ ಕಡೆ ತಿರುಗಿ) ಅದಿರಲಿ, ನಿನ್ನೆಯಿಂದ ನಿಮ್ಮ ಓಡಾಟ ಬಚ್ಚಲುಮನೆಯ ಕಡೆಗೇ ಹೆಚ್ಚಾಗಿದೆಯಲ್ಲ?

ರಾಯರು: ಅದು... ವಾಯುಸೇವನೆ.

ಸೀತಮ್ಮ: ಬಚ್ಚಲಿನಲ್ಲಿಯೋ? (ಕುರ್ಚಿಯ ದಿಂಬಿನ ಕೆಳಗಿನಿಂದ ದಿನಚರಿಯನ್ನು ಎಳೆದು ಓದುತ್ತಾರೆ) “ಭಾನುವಾರ ಸಾಯಂಕಾಲ, ಕುಕ್ಕರಹಳ್ಳಿ ಕೆರೆಯ ಬಳಿ ಚುರುಮುರಿ, ಹಸಿ ಈರುಳ್ಳಿ ಸಹಿತ, ಪೊಟ್ಟಣ ಎರಡು. ಸೋಮವಾರ, ಭೇದಿ, ಮೂರು ಸಲ. ಮಂಗಳವಾರ, ಸದರಿ, ಐದು ಸಲ. ಈ ಸಂಗತಿಯನ್ನು ಪತ್ನಿಗೆ ತಿಳಿಯಪಡಿಸತಕ್ಕದ್ದಲ್ಲ.” ಮುಚ್ಚಿಡಬೇಕೆಂದಿದ್ದವರು ಬರೆದಿಟ್ಟದ್ದೇಕೆ?

ರಾಯರು: ನಡೆದದ್ದನ್ನು ದಾಖಲೆ ಮಾಡದಿರುವುದು ಕರ್ತವ್ಯಲೋಪವಲ್ಲವೆ, ಸೀತಾ?

ಸೀತಮ್ಮ: ಭೇದಿಯಾದಾಗ ಟ್ಯಾಕ್ರೊಲಿಮಸ್ ಕರುಳಿನಲ್ಲಿ ಒಡೆಯುವುದು ತಗ್ಗಿ, ರಕ್ತದಲ್ಲಿ ಏರಿಬಿಡುತ್ತದೆ, ಒಡನೆಯೇ ತಿಳಿಸಿ, ರಕ್ತಪರೀಕ್ಷೆ ಮಾಡಬೇಕಾದೀತು ಎಂದು ಆಸ್ಪತ್ರೆಯವರು ಬಾಯಿಬಿಟ್ಟು ಹೇಳಿರಲಿಲ್ಲವೆ? (ಫೋನನ್ನು ಕೈಗೆತ್ತಿಕೊಂಡು) ಇಗೋ, ಎಷ್ಟು ಸಲ, ಯಾವ ಬಣ್ಣ, ಎಲ್ಲವನ್ನೂ ನೀವೇ ನರ್ಸಮ್ಮನಿಗೆ ಒಪ್ಪಿಸಿ.

ನಂಜುಂಡಯ್ಯ: (ಚೀಲವನ್ನೆತ್ತಿಕೊಂಡು ಮೆಲ್ಲನೆ ಏಳುತ್ತ) ಮೊಮ್ಮಗನ ಪಾಠಕ್ಕೆ ಹೊತ್ತಾಯಿತು, ನಾನಿನ್ನು ಬರುತ್ತೇನೆ...

ಸೀತಮ್ಮ: ಕೂತುಕೊಳ್ಳಿ, ಮೇಷ್ಟ್ರೇ. ಕೆಳಗೆ ಇನ್ನೊಂದು ಸಾಲಿದೆ: “ಚುರುಮುರಿಯ ಹಣ ತೆತ್ತವರು ಹಾಗೂ ಸಾಕ್ಷಿ, ನಂಜುಂಡಯ್ಯ.” ರುಜುವೂ ಇದೆ.

ನಂಜುಂಡಯ್ಯ: ರಾಯರೇ! ಬೀದಿದೀಪದ ಅರ್ಜಿಯೆಂದು ಹೇಳಿ ರುಜು ಹಾಕಿಸಿಕೊಂಡದ್ದು ಇದಕ್ಕೋ?